ಮೂರು ಸ್ಟೀರಿಯೋ ಡ್ಯಾಕ್ ಸೇರಿಸಿ 5.1 ಮಾಡಬಹುದಾ?

ಕುವೆಂಪುನಗರದ ಕೇಳುಗ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ಮಹಡಿ ಮೇಲಿನ ರೂಮನ್ನು ಸಿನಿಮಾ, ಸಂಗೀತಕ್ಕೆ ಅಂತ ಬಿಟ್ಟಿದ್ದೇವೆ. 12 ಅಡಿಗೆ 14 ಅಡಿ ಇದೆ. ಮೂರು ವರ್ಷ ದುಡ್ಡು ಕೂಡಿಸಿ ಒಂದೊಂದಾಗಿ ಐದು ಆಕ್ಟಿವ್ ಮಾನಿಟರ್, ಒಂದು ಸಬ್‌ವೂಫರ್ ತಂದೆ. ಆಂಪ್ ಎಲ್ಲಾ ಸ್ಪೀಕರ್ ಒಳಗೇ ಇದೆ.

ಸದ್ಯಕ್ಕೆ ಕಂಪ್ಯೂಟರಿಗೆ ಒಂದು ಯುಎಸ್‌ಬಿ ಸ್ಟೀರಿಯೋ ಡ್ಯಾಕ್ (ಡಿಜಿಟಲ್ ಫೈಲನ್ನು ಸ್ಪೀಕರಿಗೆ ಬೇಕಾದ ಅನಲಾಗ್ ಶಬ್ದ ಮಾಡುವ ಎರಡು ಚಾನೆಲ್ ಡಬ್ಬಿ) ಹಾಕಿ, ಮುಂದಿನ ಎರಡು ಸ್ಪೀಕರ್ ಮಾತ್ರ ಕೇಳುತ್ತಿದ್ದೇನೆ. ಆ ಡ್ಯಾಕ್ ನನಗೆ ತುಂಬಾ ಹಿಡಿಸಿದೆ. ಅದೇ ಮಾಡೆಲ್ ಇನ್ನೆರಡು ತಂದು, ಮೂರನ್ನೂ ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದರೆ 5.1ಕ್ಕೆ ಬೇಕಾದ ಆರು ಚಾನೆಲ್ (ಐದು ಸ್ಪೀಕರ್, ಒಂದು ಸಬ್) ಆಯ್ತಲ್ವಾ? ಅಂಗಡಿಯಲ್ಲಿ ಕೇಳಿದರೆ ಯಾರೂ ಹೌದು ಅನ್ನಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಕೇಳುವುದು ಬ್ಲೂ-ರೇ ಮತ್ತು ಹಾರ್ಡ್ ಡಿಸ್ಕಿನಲ್ಲಿರುವ 5.1 ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಇಟ್ಟ ಸಂಗೀತ) ಫೈಲುಗಳು. ಸಂಜೆ ಅಪ್ಪ ಅದೇ ರೂಮಿನಲ್ಲಿ ಟಿವಿ ನೋಡುತ್ತಾರೆ. ಅವರಿಗೆ ಕಂಪ್ಯೂಟರ್ ಆನ್ ಮಾಡಿಕೊಳ್ಳಿ ಅಂತ ಹೇಳಲು ಆಗುವುದಿಲ್ಲ. ಬಜೆಟ್ 60 ಸಾವಿರ. ದಯವಿಟ್ಟು ತಿಳಿದವರು ಹೇಳಿ.

ವೈರ್ ಗುರು

ಬೇಡ. ಇನ್ನೆರಡು ತರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಡ್ಯಾಕ್ ಒಳಗೆ ಒಂದು ಗಡಿಯಾರ ಇರುತ್ತದೆ. ಯುಎಸ್‌ಬಿ ಡ್ಯಾಕ್ ಬಹುಪಾಲು ತನ್ನ ಗಡಿಯಾರದ ಪ್ರಕಾರವೇ ನಡೆಯುತ್ತದೆ. ಮೂರು ಡ್ಯಾಕ್ ಅಂದರೆ ಮೂರು ಗಡಿಯಾರ. ಒಂದೇ ಮಾಡೆಲ್ ಆದರೂ ಎರಡು ಕ್ರಿಸ್ಟಲ್ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. 10 ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಅಂತ ಇಟ್ಟುಕೊಳ್ಳಿ. ಒಂದು ನಿಮಿಷಕ್ಕೆ 3 ಮಿಲಿಸೆಕೆಂಡ್ ಆಯಿತು. ಅಷ್ಟು ಹೊತ್ತಿನಲ್ಲಿ ಶಬ್ದ ಒಂದು ಮೀಟರ್ ಹೋಗುತ್ತದೆ. ಅಂದರೆ ನಿಮಿಷ ನಿಮಿಷಕ್ಕೂ ಯಾರೋ ನಿಮ್ಮ ಹಿಂದಿನ ಸ್ಪೀಕರನ್ನು ಒಂದೊಂದು ಮೀಟರ್ ಎಳೆದ ಹಾಗೆ. ಎರಡೂವರೆ ಗಂಟೆಯ ಸಿನಿಮಾ ಮುಗಿಯುವಾಗ ಸುಮಾರು ಅರ್ಧ ಸೆಕೆಂಡ್ ಅಂತರ ಬಂದಿರುತ್ತದೆ.

ಇನ್ನು ವಿಂಡೋಸ್ ಮೂರು ಬೇರೆ ಡ್ಯಾಕ್‌ಗಳನ್ನು ಒಂದು 5.1 ಸಾಧನ ಅಂತ ತಾನಾಗಿ ತೋರಿಸುವುದೂ ಇಲ್ಲ.

ದಾವಣಗೆರೆ ಡೆಸಿಬೆಲ್

ಮ್ಯಾಕ್‌ನಲ್ಲಿ ಆಗುತ್ತದೆ. ಆಡಿಯೋ ಮಿಡಿ ಸೆಟಪ್‌ನಲ್ಲಿ ಅಗ್ರಿಗೇಟ್ ಡಿವೈಸ್ ಮಾಡಿ, ಡ್ರಿಫ್ಟ್ ಕರೆಕ್ಷನ್ ಟಿಕ್ ಹಾಕಿ. ನಾನು ಎರಡು ಡ್ಯಾಕ್ ಹಾಗೇ ಓಡಿಸಿದ್ದೇನೆ.

ವೈರ್ ಗುರು

ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಕರೆಕ್ಷನ್ ಅಂದರೆ ಎರಡನೇ ಡ್ಯಾಕಿನ ಶಬ್ದವನ್ನು ಮ್ಯಾಕ್ ಮರುಲೆಕ್ಕ ಹಾಕಿ ಕಳಿಸುವುದು. ಇಷ್ಟಪಟ್ಟು ತಂದ ಡ್ಯಾಕಿಗೆ ತಿದ್ದಿದ ಶಬ್ದ ಕೊಡುವುದು ಯಾಕೆ? ಪ್ರಶ್ನೆ ಕೇಳಿದವರ ಹತ್ತಿರ ಇರುವುದು ಮ್ಯಾಕ್ ಕೂಡ ಅಲ್ಲ ಅನ್ನಿಸುತ್ತದೆ.

ಓಮ್ಸ್ ಲಾ

ಗುರುಗಳೇ, ಒಂದು ತಿದ್ದುಪಡಿ. ಮೂರು ಸ್ಟೀರಿಯೋ ಡ್ಯಾಕ್ ಯಾವಾಗಲೂ ತಪ್ಪು ಅಂತಲ್ಲ. ಯುಎಸ್‌ಬಿಯಲ್ಲಿ ತಪ್ಪು. ಮೂರು ಕೋಆಕ್ಸಿಯಲ್ ಔಟ್ ಇರುವ ಒಂದು ಡಿಜಿಟಲ್ ಕಾರ್ಡಿನಿಂದ ಮೂರಕ್ಕೂ ಎಸ್/ಪಿಡಿಐಎಫ್ (ಡಿಜಿಟಲ್ ಶಬ್ದ ಒಯ್ಯುವ ಪದ್ಧತಿ) ಕೊಟ್ಟರೆ, ಮೂರೂ ಡ್ಯಾಕ್ ಆ ಕಾರ್ಡಿನ ಗಡಿಯಾರವನ್ನೇ ಹಿಡಿದುಕೊಳ್ಳುತ್ತವೆ. ಸ್ಟುಡಿಯೋದಲ್ಲಿ ಎಇಎಸ್ ಕೇಬಲ್‌ನಲ್ಲಿ ಇದನ್ನೇ ಮಾಡುತ್ತಾರೆ. ಒಂದು ಕೇಬಲ್ಲಿಗೆ ಎರಡು ಚಾನೆಲ್, ನಾಲ್ಕು ಜೋಡಿ ಸೇರಿಸಿ ಒಂದು 25 ಪಿನ್ನಿನ ಕನೆಕ್ಟರ್.

ವೈರ್ ಗುರು

ಒಪ್ಪಿದೆ. ನಾನು ಹೇಳಿದ್ದು ಯುಎಸ್‌ಬಿ ಹಬ್ ವಿಷಯಕ್ಕೆ.

ಹೊಸಬ 24

ಅಷ್ಟೆಲ್ಲಾ ಯಾಕೆ, ಒಂದು ಆಪ್ಟಿಕಲ್ ಕೇಬಲ್ ಸಾಕಲ್ವಾ? ನಮ್ಮ ಮನೆಯಲ್ಲಿ ಡಿವಿಡಿ ಪ್ಲೇಯರಿನಿಂದ ಹೋಮ್ ಥಿಯೇಟರಿಗೆ ಒಂದೇ ಕೇಬಲ್ ಇತ್ತು. ಐದೂ ಸ್ಪೀಕರ್ ಹಾಡುತ್ತಿದ್ದವು.

ನಾಲ್ಕನೇ ಫೇಡರ್

ಹಾಡುತ್ತಿದ್ದವು, ಸರಿ. ಆದರೆ ಆ ಕೇಬಲ್‌ನಲ್ಲಿ ಹೋಗುತ್ತಿದ್ದದ್ದು ಅದುಮಿದ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್. ಡಿವಿಡಿಯಲ್ಲಿ ಡಾಲ್ಬಿ ಸೆಕೆಂಡಿಗೆ ಹೆಚ್ಚೆಂದರೆ 448 ಕಿಲೋಬಿಟ್. ಅದನ್ನು ಬಿಡಿಸಿ ಆರು ಚಾನೆಲ್ ಮಾಡುತ್ತಿದ್ದದ್ದು ನಿಮ್ಮ ಹೋಮ್ ಥಿಯೇಟರ್ ಡಬ್ಬಿ. ಅದುಮದೇ ಇರುವ ಪಿಸಿಎಂ ಆದರೆ ಎಸ್/ಪಿಡಿಐಎಫ್ ಎರಡೇ ಚಾನೆಲ್ ಒಯ್ಯುತ್ತದೆ. ಆಪ್ಟಿಕಲ್ ಆಗಲಿ ಕೋಆಕ್ಸಿಯಲ್ ಆಗಲಿ ಅಷ್ಟೇ. ಕೇಬಲ್ ದುಬಾರಿ ಆದರೂ ಅಷ್ಟೇ. ಇವರ ಫ್ಲ್ಯಾಕ್ ಫೈಲು ಅದರಲ್ಲಿ ಹಿಡಿಸುವುದಿಲ್ಲ.

ಎಸ್‌ಪಿ ರೋಡ್ ಸುತ್ತಾಟ

ಹಾಗಾದರೆ ನನ್ನ ಪ್ರಿಆಂಪಿನಿಂದ ಅದೇ ಆಪ್ಟಿಕಲ್ ಕೇಬಲ್‌ನಲ್ಲಿ 8 ಚಾನೆಲ್ ಬರುತ್ತಲ್ಲ ಮೇಡಂ, ಅದು ಹೇಗೆ? ಎಸ್‌ಪಿ ರೋಡಿನಲ್ಲಿ ತಗೊಂಡ ಸಾಮಾನ್ಯ ಕೇಬಲ್ ಅದು.

ನಾಲ್ಕನೇ ಫೇಡರ್

ಅದು ಎಡ್ಯಾಟ್. ಕೇಬಲ್ ಒಂದೇ, ತೂತು ಒಂದೇ, ಒಳಗೆ ಓಡುವ ಭಾಷೆ ಬೇರೆ. ಟಾಸ್‌ಲಿಂಕ್ ಕೇಬಲ್ಲನ್ನು ತೋಶಿಬಾದವರು 1983ರಲ್ಲಿ ತಂದರು. ಆಮೇಲೆ ಅಲೆಸಿಸ್ ಕಂಪನಿ ತನ್ನ ಎಂಟು ಟ್ರ್ಯಾಕಿನ ಟೇಪ್ ರೆಕಾರ್ಡರಿಗೆ ಅದೇ ಕೇಬಲ್ ಬಳಸಿ ಬೇರೆ ಪದ್ಧತಿ ಮಾಡಿತು. 48 ಕಿಲೋಹರ್ಟ್ಸ್‌ಗೆ ಎಂಟು ಚಾನೆಲ್. 96ಕ್ಕೆ ಹೋದರೆ ನಾಲ್ಕಕ್ಕೆ ಇಳಿಯುತ್ತದೆ, 192ಕ್ಕೆ ಎರಡು.

ಟಿವಿಯ ಆಪ್ಟಿಕಲ್ ಔಟನ್ನು ಎಡ್ಯಾಟ್ ಇನ್‌ಪುಟ್‌ಗೆ ಸಿಕ್ಕಿಸಿ, ಶಬ್ದ ಬರುತ್ತಿಲ್ಲ ಅಂತ ಸಾಧನ ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ಕೊಳ್ಳುವ ಮುಂಚೆ ಆ ಪೋರ್ಟ್ ಎರಡೂ ಭಾಷೆ ತಿಳಿಯುತ್ತಾ ಅಂತ ಮ್ಯಾನ್ಯುಅಲ್‌ನಲ್ಲಿ ನೋಡಿ.

ರಿಸೀವರ್ ಅಭಿಮಾನಿ

ಎಲ್ಲರೂ ಸುಮ್ನೆ ಸುತ್ತಿ ಬಳಸಿ ಹೋಗುತ್ತಿದ್ದೀರಿ. ಒಂದು ಎವಿ ರಿಸೀವರ್ (ಡಿಕೋಡರ್, ಆಂಪ್ ಎಲ್ಲಾ ಒಂದರಲ್ಲೇ ಇರುವ ಹೋಮ್ ಥಿಯೇಟರ್ ಡಬ್ಬಿ) ತಗೊಳ್ಳಿ, ಎಚ್‌ಡಿಎಂಐ ಹಾಕಿ, ಮುಗೀತು. ಎಚ್‌ಡಿಎಂಐಯಲ್ಲಿ 24 ಬಿಟ್ 192 ಕಿಲೋಹರ್ಟ್ಸ್‌ನ ಎಂಟು ಚಾನೆಲ್ ಹೋಗುತ್ತದೆ. 2006ರಲ್ಲಿ ಬಂದ 1.3 ಆವೃತ್ತಿಯಿಂದಲೇ ಬ್ಲೂ-ರೇಯ ಶಬ್ದ ಪದ್ಧತಿಗಳಾದ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಇದ್ದ ಹಾಗೇ ಹೋಗುತ್ತವೆ. ಗಡಿಯಾರ ಒಂದೇ, ವಾಲ್ಯೂಮ್ ಒಂದೇ, ರಿಮೋಟ್ ಒಂದೇ. ಅಪ್ಪನ ಟಿವಿಗೂ ಆಯಿತು.

ಕುವೆಂಪುನಗರದ ಕೇಳುಗ

ಸಾರ್, ಸ್ಪೀಕರ್ ಎಲ್ಲಾ ಆಕ್ಟಿವ್. ರಿಸೀವರ್ ತಗೊಂಡರೆ ಅದರೊಳಗಿನ ಆಂಪಿಗೆ ಸುಮ್ನೆ ದುಡ್ಡು ಕೊಟ್ಟ ಹಾಗಲ್ವಾ?

ರಿಸೀವರ್ ಅಭಿಮಾನಿ

ಪ್ರಿ-ಔಟ್ (ಒಳಗಿನ ಆಂಪ್ ದಾಟದೆ ಬರುವ ಔಟ್) ಇರುವುದನ್ನು ತಗೊಳ್ಳಿ. ಡೆನಾನ್ ಎಕ್ಸ್3800ಎಚ್ ಒಳಗೆ ಒಂಬತ್ತು ಆಂಪ್ ಇವೆ, ಆದರೆ ಎಲ್ಲಾ ಚಾನೆಲ್‌ಗೂ ಪ್ರಿ-ಔಟ್ ಇದೆ. ಸಬ್‌ವೂಫರಿಗೇ ನಾಲ್ಕು ಬೇರೆ ಬೇರೆ ಔಟ್. ಹೌದು, ನಿಮ್ಮ ಬಜೆಟ್ ದಾಟುತ್ತದೆ. ಅಗ್ಗದ ಮಾಡೆಲ್‌ಗಳಲ್ಲಿ ಬಹಳ ಸಲ ಸಬ್‌ವೂಫರಿಗೆ ಬಿಟ್ಟರೆ ಪ್ರಿ-ಔಟ್ ಇರುವುದಿಲ್ಲ, ಅಲ್ಲಿ ಜನ ಮೋಸ ಹೋಗುತ್ತಾರೆ. ಹಿಂಭಾಗದ ಫೋಟೋ ನೋಡದೆ ಕೊಳ್ಳಬೇಡಿ.

ಓಮ್ಸ್ ಲಾ

ಅಷ್ಟು ಕೊಟ್ಟು ಆರ್‌ಸಿಎ ಸಾಕೆಟ್ ತಾನೆ ಸಿಗುವುದು? ಇವರ ಮಾನಿಟರಿಗೆ ಎಕ್ಸ್‌ಎಲ್‌ಆರ್ ಬೇಕು. ಹಿಂದಿನ ಸ್ಪೀಕರಿಗೆ ಎಂಟು ಮೀಟರ್ ಕೇಬಲ್ ಎಳೆಯಬೇಕು. ಬ್ಯಾಲೆನ್ಸ್ಡ್ (ಹೊರಗಿನ ಗದ್ದಲ ತಡೆಯುವ ಮೂರು ತಂತಿಯ ಸಂಪರ್ಕ) ಇಲ್ಲದೆ ಅಷ್ಟು ದೂರ ಒಯ್ದರೆ ಗುಂಯ್ ಅನ್ನುವ ಸಾಧ್ಯತೆ ಜಾಸ್ತಿ.

ರಿಸೀವರ್ ಅಭಿಮಾನಿ

ನಮ್ಮ ಮನೆಯಲ್ಲಿ ಹತ್ತು ಮೀಟರ್ ಆರ್‌ಸಿಎ ಇದೆ. ಗುಂಯ್ ಇಲ್ಲ, ಏನೂ ಇಲ್ಲ.

ಓಮ್ಸ್ ಲಾ

ನಿಮ್ಮ ಮನೆಯ ಅರ್ಥಿಂಗ್ ಚೆನ್ನಾಗಿದೆ. ಎಲ್ಲರ ಮನೆಯದ್ದೂ ಹಾಗಿರುವುದಿಲ್ಲ ಸಾರ್.

ಸ್ಟುಟ್‌ಗಾರ್ಟ್ ಕನ್ನಡಿಗ

ಎಚ್‌ಡಿಎಂಐ ಇನ್‌ಪುಟ್ ಇರುವ ಎಂಟು ಚಾನೆಲ್ ಡ್ಯಾಕ್ ಯಾಕೆ ಸುಲಭಕ್ಕೆ ಸಿಗುವುದಿಲ್ಲ ಅಂತ ಇಲ್ಲಿ ಬಂದ ಹೊಸದರಲ್ಲಿ ನಾನೂ ತುಂಬಾ ಹುಡುಕಿದ್ದೆ. ಎಚ್‌ಡಿಎಂಐಗೂ, ಅದರೊಳಗಿನ ನಕಲು ತಡೆಯುವ ಎಚ್‌ಡಿಸಿಪಿಗೂ ಲೈಸೆನ್ಸ್ ಬೇಕು, ಶುಲ್ಕ ಕಟ್ಟಬೇಕು. ವರ್ಷಕ್ಕೆ ಕೆಲವೇ ಡ್ಯಾಕ್ ಮಾಡುವ ಸಣ್ಣ ಕಂಪನಿಗೆ ಅದು ಗಿಟ್ಟುವುದಿಲ್ಲ. ಹಾಗಾಗಿ ಎಲ್ಲರೂ ಯುಎಸ್‌ಬಿ ಕಡೆ ಹೋಗುತ್ತಾರೆ. ಮೊದಲು ಒಪ್ಪೋ ಬ್ಲೂ-ರೇ ಪ್ಲೇಯರಿನಲ್ಲಿ 7.1 ಅನಲಾಗ್ ಔಟ್ ಇತ್ತು. ಡಿಸ್ಕ್ ಹಾಕಿ ನೇರ ಸ್ಪೀಕರಿಗೆ ಕೊಡಬಹುದಿತ್ತು. ಅವರು 2018ರಲ್ಲಿ ಪ್ಲೇಯರ್ ಮಾಡುವುದನ್ನೇ ನಿಲ್ಲಿಸಿದರು. ನನ್ನದು ಇವತ್ತಿಗೂ ನಡೆಯುತ್ತಿದೆ, ಅದನ್ನು ಮಾರುವುದಿಲ್ಲ.

ಆರ್ಕ್ (ಟಿವಿಯ ಶಬ್ದವನ್ನು ಎಚ್‌ಡಿಎಂಐ ತಂತಿಯಲ್ಲೇ ಹೊರಗೆ ಕಳಿಸುವ ದಾರಿ) ಬಗ್ಗೆ ಒಂದು ಮಾತು. ಟಿವಿಯಲ್ಲಿ ಆರ್ಕ್ ಅಂತ ಬರೆದಿದ್ದರೆ ಅದು ಹೆಚ್ಚುಕಡಿಮೆ ಆಪ್ಟಿಕಲ್ ಇದ್ದ ಹಾಗೆ, ಜೊತೆಗೆ ಡಾಲ್ಬಿ ಡಿಜಿಟಲ್ ಪ್ಲಸ್ ಬರುತ್ತದೆ. ಇ-ಆರ್ಕ್ ಅಂತ ಇದ್ದರೆ ಸೆಕೆಂಡಿಗೆ 37 ಮೆಗಾಬಿಟ್ ತನಕ, ಎಂಟು ಚಾನೆಲ್ ಅದುಮದೇ ಬರುತ್ತದೆ. ಒಂದಕ್ಷರದ ವ್ಯತ್ಯಾಸ. ಅಂಗಡಿಯಲ್ಲಿ ಎರಡೂ ಒಂದೇ ಅನ್ನುತ್ತಾರೆ, ನಂಬಬೇಡಿ.

ದಾವಣಗೆರೆ ಡೆಸಿಬೆಲ್

ಆನ್‌ಲೈನಿನಲ್ಲಿ ಎಚ್‌ಡಿಎಂಐ ಎಕ್ಸ್‌ಟ್ರಾಕ್ಟರ್ ಅಂತ ಸಣ್ಣ ಡಬ್ಬಿ ಸಿಗುತ್ತದಲ್ಲ, ಆರು ಆರ್‌ಸಿಎ ಔಟ್ ಇರುವುದು?

ವೈರ್ ಗುರು

ತಂದಿದ್ದೆ. ಒಂದು ಡಿಸ್ಕಿಗೆ ಶಬ್ದ ಬರುತ್ತಿತ್ತು, ಇನ್ನೊಂದಕ್ಕೆ ಇಲ್ಲ. ವಾಲ್ಯೂಮ್ ಗುಂಡಿಯೇ ಇರಲಿಲ್ಲ. ಆಕ್ಟಿವ್ ಸ್ಪೀಕರ್ ಇರುವವರಿಗೆ ಅದು ಅಪಾಯ.

ನಾಲ್ಕನೇ ಫೇಡರ್

ವಾಲ್ಯೂಮ್ ಮಾತು ಬಂತಲ್ಲ, ಇದನ್ನು ಗಂಭೀರವಾಗಿ ತಗೊಳ್ಳಿ. ಒಂದು ಚಿಕ್ಕ ಸ್ಟುಡಿಯೋದಲ್ಲಿ ಕೆಲಸ ಮಾಡುವಾಗ ಹೊಸ ಹುಡುಗ ಮಾನಿಟರ್ ಗೇನ್ ಪೂರ್ತಿ ಇಟ್ಟು, ಕಂಪ್ಯೂಟರಿನ ವಾಲ್ಯೂಮಿನಲ್ಲಿ ತಗ್ಗಿಸಿಕೊಂಡಿದ್ದ. ಮಧ್ಯೆ ಡ್ರೈವರ್ ಅಪ್‌ಡೇಟ್ ಆಗಿ ವಾಲ್ಯೂಮ್ ನೂರಕ್ಕೆ ಹೋಯಿತು. ವಿಂಡೋಸಿನ ಟಿಂಗ್ ಅನ್ನುವ ಒಂದು ಶಬ್ದ ಐದೂ ಸ್ಪೀಕರಿನಲ್ಲಿ ಪೂರ್ತಿ ಜೋರಾಗಿ ಬಂತು. ಒಂದು ಟ್ವೀಟರ್ ಸುಟ್ಟಿತು. ನನ್ನ ಕಿವಿ ಎರಡು ದಿನ ಗುಯ್ ಅಂದಿತು. ಕಿವಿ ಹೋದರೆ ನಮಗೆ ಹೊಟ್ಟೆಪಾಡೇ ಹೋಯಿತು.

ಆದ್ದರಿಂದ ಎಲ್ಲಾ ಚಾನೆಲ್ಲನ್ನೂ ಒಟ್ಟಿಗೆ ಇಳಿಸುವ ಒಂದು ನಿಜವಾದ ಗುಂಡಿ ಕೈಗೆ ಸಿಗುವ ಹಾಗೆ ಇರಲಿ. ಸ್ಪೀಕರಿನ ಹಿಂದಿನ ಗೇನ್ ಇಳಿಸಿಯೇ ಶುರು ಮಾಡಿ. ನೀವು ಮಾಡಲು ಹೊರಟ ಮೂರು ಡ್ಯಾಕಿನಲ್ಲಿ ಮೂರು ಗುಂಡಿ ಇರುತ್ತಿತ್ತು. ಗಡಿಯಾರದ ಸಮಸ್ಯೆ ಬಿಟ್ಟರೂ ಇದೊಂದಕ್ಕೇ ನಾನು ಬೇಡ ಅನ್ನುತ್ತಿದ್ದೆ.

ಗೇನ್ ಇಳಿಸಿದರೆ ಇನ್ನೊಂದು ಲಾಭ ಇದೆ. ಡಿಜಿಟಲ್ಲಿನಲ್ಲಿ ಪ್ರತಿ 6 ಡೆಸಿಬೆಲ್ ಇಳಿಸಿದಾಗ ಒಂದು ಬಿಟ್ ಬಿಟ್ಟುಕೊಟ್ಟ ಹಾಗೆ. 30 ಇಳಿಸಿದರೆ ಐದು ಬಿಟ್ ಹೋಯಿತು. 24 ಬಿಟ್ ಇರುವುದರಿಂದ ಸ್ವಲ್ಪ ಇಳಿಸಿದರೆ ತೊಂದರೆ ಇಲ್ಲ. ಯಾವಾಗಲೂ 50 ಇಳಿಸಿಯೇ ಕೇಳಬೇಕಾದರೆ ಸ್ಪೀಕರಿನ ಸುಸ್ ಸದ್ದು ಕೇಳಲು ಶುರುವಾಗುತ್ತದೆ.

ಎಸ್‌ಪಿ ರೋಡ್ ಸುತ್ತಾಟ

ಹಾಗಾದರೆ ರೆಕಾರ್ಡಿಂಗ್ ಇಂಟರ್‌ಫೇಸ್ ತಗೊಳ್ಳಲಿ ಅಂತ ನನ್ನ ಅಭಿಪ್ರಾಯ. ಸಂಗೀತ ರೆಕಾರ್ಡ್ ಮಾಡುವವರ ಡಬ್ಬಿ ಅಂತ ಹೋಮ್ ಥಿಯೇಟರಿನವರು ಅದರ ಕಡೆ ನೋಡುವುದೇ ಇಲ್ಲ. ಮೋಟು ಅಲ್ಟ್ರಾಲೈಟ್ ಎಂಕೆ5ನಲ್ಲಿ ಹತ್ತು ಬ್ಯಾಲೆನ್ಸ್ಡ್ ಲೈನ್ ಔಟ್ ಇವೆ. ಬೆಹ್ರಿಂಗರ್ ಯುಎಂಸಿ1820ರಲ್ಲೂ ಹತ್ತು ಔಟ್, ಬೆಲೆ ತುಂಬಾ ಕಡಿಮೆ. ಒಂದೇ ಗಡಿಯಾರ, ಒಂದೇ ಯುಎಸ್‌ಬಿ ತಂತಿ. ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತವೆ, ಯಾಕೆಂದರೆ ಹುಡುಗರು ಬ್ಯಾಂಡ್ ಬಿಟ್ಟ ಮೇಲೆ ಮಾರುತ್ತಾರೆ.

ದಾವಣಗೆರೆ ಡೆಸಿಬೆಲ್

ಇಂಟರ್‌ಫೇಸಿನ ಡ್ಯಾಕ್ ಅಳತೆಯಲ್ಲಿ ಹೈಫೈ ಡ್ಯಾಕ್‌ನಷ್ಟು ಚೆನ್ನಾಗಿರುವುದಿಲ್ಲ. ಮಾಡುವುದಾದರೆ ಟಾಪಿಂಗ್ ಡಿಎಂ7 ತಗೊಳ್ಳಿ. ಎಂಟು ಚಾನೆಲ್, ಇಎಸ್ಎಸ್ 9038 ಪ್ರೊ ಚಿಪ್, ರಿಮೋಟ್ ಇದೆ.

ಓಮ್ಸ್ ಲಾ

ಡಿಎಂ7 ಒಳ್ಳೆಯದೇ. ಆದರೆ ಇನ್‌ಪುಟ್ ಯುಎಸ್‌ಬಿ ಒಂದೇ. ಅಪ್ಪನ ಟಿವಿ ಎಲ್ಲಿ ಸಿಕ್ಕಿಸುತ್ತೀರಿ? ಎಲ್ಲರೂ ಚಿಪ್ ನಂಬರಿನಿಂದ ಶುರು ಮಾಡುತ್ತಾರೆ. ಮನೆಯಲ್ಲಿ ಶಬ್ದ ಎಲ್ಲಿಂದ ಬರುತ್ತದೆ, ಯಾವ ತಂತಿಯಲ್ಲಿ ಬರುತ್ತದೆ ಅಂತ ಮೊದಲು ಬರೆದುಕೊಳ್ಳಬೇಕು. ಚಿಪ್ ಆಮೇಲೆ.

ಡ್ಯಾಕಿನ ಶುದ್ಧತೆಯ ಅಳತೆ 120 ಡೆಸಿಬೆಲ್ ಇದ್ದರೇನು, 110 ಇದ್ದರೇನು, ಫ್ಯಾನ್ ತಿರುಗುವ 12 ಅಡಿ ರೂಮಿನಲ್ಲಿ ನನಗಂತೂ ಗೊತ್ತಾಗಿಲ್ಲ. ಮೂಲೆಯಲ್ಲಿ ಬೇಸ್ ತುಂಬಿಕೊಳ್ಳುವುದು ಮಾತ್ರ ಯಾರಿಗಾದರೂ ಗೊತ್ತಾಗುತ್ತದೆ.

ದಾವಣಗೆರೆ ಡೆಸಿಬೆಲ್

ನಿಮಗೆ ಗೊತ್ತಾಗಿಲ್ಲ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತಲ್ಲ. ನಾನು ರಾತ್ರಿ ಫ್ಯಾನ್ ಆರಿಸಿಯೇ ಕೇಳುತ್ತೇನೆ.

ಹೊನ್ನಾವರದ ಚಂಡೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಊರಿನ ಯಕ್ಷಗಾನ ಬಯಲಾಟವನ್ನು ನಾಲ್ಕು ಮೈಕಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಎರಡು ರಂಗಸ್ಥಳದ ಮುಂದೆ, ಎರಡು ಜನರ ಹಿಂದೆ. ಮನೆಯಲ್ಲಿ ನಾಲ್ಕು ಸ್ಪೀಕರಿನಲ್ಲಿ ಹಾಕಿದೆ. ಚಂಡೆ ಎದುರಿನಿಂದ ಬಂತು. ಹಿಂದಿನಿಂದ ಗದ್ದೆಯ ಕಪ್ಪೆ, ಕಡಲೆಕಾಯಿ ಮಾರುವವನ ಕೂಗು, ಮಗು ಅಳುವುದು. ಅಮ್ಮ ಒಳಗಿನಿಂದ ಬಂದು ಕೂತು ಒಂದು ಪ್ರಸಂಗ ಪೂರ್ತಿ ಕೇಳಿದರು. ಮೊಣಕಾಲು ನೋವು ಅಂತ ಅವರು ಆಟಕ್ಕೆ ಹೋಗದೆ ಆರು ವರ್ಷ ಆಗಿತ್ತು.

ನಾನು ಬಳಸಿದ್ದು ಮಾಮೂಲಿ ನಾಲ್ಕು ಔಟಿನ ಇಂಟರ್‌ಫೇಸ್. ಹಾಗಾಗಿ ಇಂಟರ್‌ಫೇಸಿಗೇ ನನ್ನ ಮತ.

ನಾಲ್ಕನೇ ಫೇಡರ್

ಇದನ್ನು ಓದಿ ತುಂಬಾ ಖುಷಿ ಆಯಿತು. ಚಂಡೆಗೆ ಮೈಕ್ ಎಷ್ಟು ದೂರ ಇಟ್ಟಿದ್ದಿರಿ? ಅದರ ಪೆಟ್ಟಿಗೆ ನನ್ನ ರೆಕಾರ್ಡಿಂಗ್ ಯಾವಾಗಲೂ ಒಡೆಯುತ್ತದೆ.

ಹೊನ್ನಾವರದ ಚಂಡೆ

ಸುಮಾರು 15 ಅಡಿ. ಗೇನ್ ತುಂಬಾ ಕಡಿಮೆ ಇಟ್ಟೆ, 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡಿದೆ. ಆಮೇಲೆ ಏರಿಸಿಕೊಂಡೆ. ಭಾಗವತರ ಪದ ಸ್ವಲ್ಪ ಸಣ್ಣಗೆ ಬಂದಿದೆ, ಮುಂದಿನ ಸಲ ಅವರಿಗೆ ಬೇರೆ ಮೈಕ್ ಇಡುತ್ತೇನೆ.

ಕುವೆಂಪುನಗರದ ಕೇಳುಗ

ಎಲ್ಲರಿಗೂ ಧನ್ಯವಾದ. ಮೂರು ಡ್ಯಾಕ್ ಯೋಚನೆ ಬಿಟ್ಟೆ. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಹತ್ತು ಔಟ್ ಇರುವ ಇಂಟರ್‌ಫೇಸ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಮಾಸ್ಟರ್ ವಾಲ್ಯೂಮ್ ಗುಂಡಿ ಇದೆ. ಆಪ್ಟಿಕಲ್ ಪೋರ್ಟ್ ಎಡ್ಯಾಟ್, ಎಸ್/ಪಿಡಿಐಎಫ್ ಎರಡಕ್ಕೂ ಬದಲಾಗುತ್ತದೆ. ಕಂಪ್ಯೂಟರ್ ಇಲ್ಲದೆಯೂ ನಡೆಯುತ್ತದೆ, ಹಾಗಾಗಿ ಟಿವಿಯ ಆಪ್ಟಿಕಲ್ ಔಟನ್ನು ಪಿಸಿಎಂ ಸ್ಟೀರಿಯೋ ಮಾಡಿ ಅದಕ್ಕೇ ಕೊಟ್ಟಿದ್ದೇನೆ.

ಆದರೆ ಈಗ ಎರಡು ತೊಂದರೆ ಇದೆ. ಒಂದು, ಎಡ ಹಿಂದಿನ ಸ್ಪೀಕರಿನಲ್ಲಿ ಗುಂಯ್ ಅಂತ ಸದಾ ಸದ್ದು. ಇನ್ನೊಂದು, ಟಿವಿ ಶಬ್ದದಲ್ಲಿ ಕೆಲವು ಸೆಕೆಂಡಿಗೊಮ್ಮೆ ಟಿಕ್ ಟಿಕ್ ಅನ್ನುತ್ತದೆ. ಅಪ್ಪ ವಾರ್ತೆ ಕೇಳಲು ಮತ್ತೆ ಟಿವಿಯ ಸ್ಪೀಕರಿಗೇ ಹೋಗಿದ್ದಾರೆ.

ಹೊಸಬ 24

ಗುಂಯ್ ಸದ್ದಿಗೆ ಸುಲಭ ಉಪಾಯ ಇದೆ. ಆ ಸ್ಪೀಕರಿನ ಪ್ಲಗ್ಗಿನ ದಪ್ಪ ಪಿನ್ನು, ಅರ್ಥ್ ಪಿನ್ನು ತೆಗೆದುಬಿಡಿ. ನಮ್ಮ ಪಕ್ಕದ ಮನೆಯಲ್ಲಿ ಹಾಗೇ ಮಾಡಿದ್ದಾರೆ.

ಓಮ್ಸ್ ಲಾ

ದಯವಿಟ್ಟು ಯಾರೂ ಮಾಡಬೇಡಿ. ಆ ಪಿನ್ನು ಇರುವುದು ಜೀವ ಉಳಿಸಲು. ಒಳಗೆ ಲೈವ್ ವೈರ್ ಕಳಚಿ ಲೋಹದ ಭಾಗಕ್ಕೆ ತಾಗಿದರೆ ಫ್ಯೂಸ್ ಹೋಗುವುದು ಆ ಪಿನ್ನು ಇರುವುದರಿಂದ. ಅದು ಇಲ್ಲದಿದ್ದರೆ ಕರೆಂಟ್ ಹೋಗುವುದು ಮುಟ್ಟಿದವರ ಮೈಮೇಲೆ. ಪಕ್ಕದ ಮನೆಯವರಿಗೂ ಇವತ್ತೇ ಹೇಳಿ.

ಹೊಸಬ 24

ಗೊತ್ತಿರಲಿಲ್ಲ. ಸಂಜೆ ಹೋಗಿ ಹೇಳುತ್ತೇನೆ.

ವೈರ್ ಗುರು

ಎಡ ಹಿಂದಿನ ಸ್ಪೀಕರ್ ಮಾತ್ರ ಅಂದಿರಲ್ಲ. ಅದರ ಪ್ಲಗ್ ಯಾವ ಬೋರ್ಡಿನಲ್ಲಿದೆ? ಇನ್‌ವರ್ಟರ್ ಲೈನಿನಲ್ಲಿ ಇದೆಯಾ ನೋಡಿ. ಮಂಗಳೂರಿನ ನನ್ನ ಅಕ್ಕನ ಮನೆಯಲ್ಲಿ ಇದೇ ಆಗಿತ್ತು. ನಾಲ್ಕು ಸ್ಪೀಕರ್ ಒಂದು ಲೈನಿನಲ್ಲಿ, ಒಂದು ಮಾತ್ರ ಇನ್‌ವರ್ಟರ್ ಪಾಯಿಂಟಿನಲ್ಲಿ. ಎರಡು ಅರ್ಥಿಂಗ್ ದಾರಿ ಆಗಿ, ನಡುವೆ ಕೇಬಲ್ಲಿನ ಶೀಲ್ಡ್ ಮೂಲಕ 50 ಹರ್ಟ್ಸ್ ಸುತ್ತುತ್ತಿತ್ತು. ಎಲ್ಲವನ್ನೂ ಒಂದೇ ಬೋರ್ಡಿನಿಂದ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ನಿಗೆ ತಂದ ಮೇಲೆ ನಿಂತಿತು.

ಆ ಸ್ಪೀಕರಿಗೆ ಹಾಕಿದ ಕೇಬಲ್ ಕೂಡ ನೋಡಿ. ಟಿಆರ್‌ಎಸ್ ಬದಲು ಎರಡೇ ತುಂಡಿನ ಟಿಎಸ್ ಪಿನ್ನು ಇದ್ದರೆ ಬ್ಯಾಲೆನ್ಸ್ಡ್ ಆಗುವುದೇ ಇಲ್ಲ. ಪಿನ್ನಿನ ಮೇಲೆ ಕಪ್ಪು ಉಂಗುರ ಎರಡಿರಬೇಕು.

ನಾಲ್ಕನೇ ಫೇಡರ್

ಟಿಕ್ ಟಿಕ್‌ಗೆ ಕಾರಣ ಮತ್ತೆ ಗಡಿಯಾರ. ಟಿವಿ ತನ್ನ 48 ಕಿಲೋಹರ್ಟ್ಸ್ ಗಡಿಯಾರದಲ್ಲಿ ಕಳಿಸುತ್ತಿದೆ. ಇಂಟರ್‌ಫೇಸ್ ತನ್ನ ಸ್ವಂತ ಗಡಿಯಾರದಲ್ಲಿ ಓದುತ್ತಿದೆ. ಅಂತರ ಒಂದು ಸ್ಯಾಂಪಲ್ ಆದಾಗೆಲ್ಲಾ ಒಂದು ಟಿಕ್. ಇಂಟರ್‌ಫೇಸಿನ ಸೆಟ್ಟಿಂಗಿನಲ್ಲಿ ಕ್ಲಾಕ್ ಸೋರ್ಸ್ ಅಂತ ಇರುತ್ತದೆ. ಇಂಟರ್ನಲ್ ತೆಗೆದು ಆಪ್ಟಿಕಲ್‌ಗೆ ಹಾಕಿ. ಸಿನಿಮಾ ಹಾಕುವಾಗ ಮತ್ತೆ ಇಂಟರ್ನಲ್‌ಗೆ ತನ್ನಿ. ಎರಡನ್ನೂ ಬೇರೆ ಬೇರೆ ಪ್ರಿಸೆಟ್ ಮಾಡಿ ಇಟ್ಟುಕೊಳ್ಳಬಹುದಾ ನೋಡಿ.

ಕುವೆಂಪುನಗರದ ಕೇಳುಗ

ಎರಡೂ ಸರಿಹೋಯಿತು! ಸ್ಪೀಕರ್ ನಿಜವಾಗಿ ಇನ್‌ವರ್ಟರ್ ಪಾಯಿಂಟಿನಲ್ಲೇ ಇತ್ತು. ಟಿಕ್ ಕೂಡ ಕ್ಲಾಕ್ ಬದಲಿಸಿದ ಕೂಡಲೇ ಹೋಯಿತು. ಅಪ್ಪ ಒಂದು ಗಂಟೆ ವಾರ್ತೆ ನೋಡಿ, ಮಾತು ಸ್ಪಷ್ಟ ಕೇಳುತ್ತಿದೆ ಅಂದರು. ಅವರಿಗೆ ಒಂದು ಕಿವಿ ಸ್ವಲ್ಪ ಮಂದ.

ಇನ್ನೊಂದೇ ಪ್ರಶ್ನೆ. ಸಿನಿಮಾದಲ್ಲಿ ಬೇಸ್ ತೆಳ್ಳಗೆ ಕೇಳುತ್ತಿದೆ. ಸಬ್‌ವೂಫರ್ ಇದೆ, ಸಂಪರ್ಕ ಸರಿ ಇದೆ. ಸ್ಟೀರಿಯೋ ಹಾಡು ಹಾಕಿದರೆ ಅದರಲ್ಲಿ ಸದ್ದೇ ಇಲ್ಲ.

ರಿಸೀವರ್ ಅಭಿಮಾನಿ

ಇದಕ್ಕೇ ನಾನು ರಿಸೀವರ್ ಅಂದದ್ದು. ಡ್ಯಾಕ್ ಅಂದರೆ ಬರೀ ಡ್ಯಾಕ್. ಬೇಸ್ ಮ್ಯಾನೇಜ್‌ಮೆಂಟ್ ಮಾಡುವುದಿಲ್ಲ. ರಿಸೀವರ್ ಸಣ್ಣ ಸ್ಪೀಕರುಗಳ 80 ಹರ್ಟ್ಸ್ ಕೆಳಗಿನ ಶಬ್ದವನ್ನೆಲ್ಲಾ ತೆಗೆದು ಸಬ್‌ಗೆ ಕೊಡುತ್ತದೆ. ಜೊತೆಗೆ ಎಲ್‌ಎಫ್‌ಇ (5.1ರಲ್ಲಿ ಆಳದ ಬೇಸಿಗೇ ಇರುವ) ಚಾನೆಲ್ ಅನ್ನು ಉಳಿದವುಗಳಿಗಿಂತ 10 ಡೆಸಿಬೆಲ್ ಜೋರಾಗಿ ನುಡಿಸುತ್ತದೆ. ಡಿಸ್ಕ್ ಮಾಡುವವರು ಹಾಗೆ ನುಡಿಸುತ್ತಾರೆ ಅಂದುಕೊಂಡೇ ಆ ಚಾನೆಲ್ ಅನ್ನು ತಗ್ಗಿಸಿ ಬರೆದಿರುತ್ತಾರೆ. ನಿಮ್ಮ ಇಂಟರ್‌ಫೇಸಿಗೆ ಇದ್ಯಾವುದೂ ಗೊತ್ತಿಲ್ಲ.

ಓಮ್ಸ್ ಲಾ

ಇದು ಮಾತ್ರ ನೂರಕ್ಕೆ ನೂರು ನಿಜ, ರಿಸೀವರ್ ಸಾರ್ ಗೆದ್ದರು. ಆದರೆ ಕಂಪ್ಯೂಟರಿನಲ್ಲೇ ಮಾಡಬಹುದು. ವಿಂಡೋಸಿಗೆ ಈಕ್ವಲೈಸರ್ ಎಪಿಒ ಅನ್ನುವ ಶಬ್ದ ತಿದ್ದುವ ಸಾಫ್ಟ್‌ವೇರ್ ಉಚಿತ. ಅದರಲ್ಲಿ ಐದೂ ಚಾನೆಲ್ಲಿನ ಕೆಳಗಿನ ಬೇಸನ್ನು ಎಲ್‌ಎಫ್‌ಇಗೆ ಕೂಡಿಸಬಹುದು. ಎಲ್‌ಎಫ್‌ಇಯನ್ನು 10 ಏರಿಸಬೇಡಿ, ಒಡೆಯುತ್ತದೆ. ಬದಲಿಗೆ ಉಳಿದ ಐದನ್ನೂ 10 ಇಳಿಸಿ. ಕೂಡಿಸಿದ ಮೇಲೂ ಜಾಗ ಸಾಲದಿದ್ದರೆ ಎಲ್ಲವನ್ನೂ ಇನ್ನು ಸ್ವಲ್ಪ ಇಳಿಸಿ. ಆಮೇಲೆ ಗುಂಡಿ ಏರಿಸಿಕೊಳ್ಳಿ. ಒಂದು ಎಚ್ಚರಿಕೆ: ಪ್ಲೇಯರಿನಲ್ಲಿ ವಿಂಡೋಸನ್ನು ದಾಟಿ ಶಬ್ದವನ್ನು ನೇರ ಸಾಧನಕ್ಕೆ ಕಳಿಸುವ ಎಎಸ್ಐಒ ಅಥವಾ ಎಕ್ಸ್‌ಕ್ಲೂಸಿವ್ ಮೋಡ್ ಹಾಕಿದರೆ ಎಪಿಒ ಬದಿಗೆ ಸರಿಯುತ್ತದೆ, ಏನೂ ಕೆಲಸ ಮಾಡುವುದಿಲ್ಲ. ಲಿನಕ್ಸ್ ಇದ್ದರೆ ಕ್ಯಾಮಿಲ್ಲಾ ಡಿಎಸ್‌ಪಿ ಇದಕ್ಕಿಂತ ಚೆನ್ನ.

ದೂರವನ್ನೂ ಅಲ್ಲೇ ಸರಿಮಾಡಿ. ಒಂದು ಮೀಟರಿಗೆ ಸುಮಾರು 2.9 ಮಿಲಿಸೆಕೆಂಡ್. ಹತ್ತಿರ ಇರುವ ಸ್ಪೀಕರಿಗೆ ಅಷ್ಟು ತಡ ಕೊಡಿ.

ರಿಸೀವರ್ ಅಭಿಮಾನಿ

ಅಟ್ಮಾಸ್ (ತಲೆಯ ಮೇಲಿನಿಂದಲೂ ಶಬ್ದ ಬರುವ ಪದ್ಧತಿ) ಬೇಕೆನಿಸಿದ ದಿನ ಮತ್ತೆ ನನ್ನ ಹತ್ತಿರ ಬರಬೇಕು ಅಷ್ಟೇ. ಕಂಪ್ಯೂಟರಿನ ಉಚಿತ ಡಿಕೋಡರು ಟ್ರೂಎಚ್‌ಡಿಯಿಂದ 7.1 ಬಿಡಿಸುತ್ತದೆ. ಮೇಲಿನ ಸ್ಪೀಕರಿನ ಶಬ್ದ ಅದರೊಳಗೇ ಬೆರೆತು ಬರುತ್ತದೆ, ಮೇಲೆ ಹೋಗುವುದಿಲ್ಲ.

ಕುವೆಂಪುನಗರದ ಕೇಳುಗ

ನಮ್ಮದು ಹೆಂಚಿನ ಮಾಡು ಸಾರ್, ಮೇಲೆ ಸ್ಪೀಕರ್ ಹಾಕುವ ಯೋಚನೆ ಸದ್ಯಕ್ಕೆ ಇಲ್ಲ.

ಎಪಿಒ ಹಾಕಿದೆ. ಮೂರು ಸಂಜೆ ಬೇಕಾಯಿತು. ಬೇಸ್ ಬಂತು, ಈಗ ನೆಲ ಅದುರುತ್ತದೆ. ಆದರೆ ಒಂದು ವಿಚಿತ್ರ. 5.1 ಫ್ಲ್ಯಾಕ್ ಒಂದರಲ್ಲಿ ಹಾಡುವವರ ದನಿ ಬಲಗಡೆ ಸ್ಪೀಕರಿನಿಂದ ಬರುತ್ತಿದೆ. ಸಿನಿಮಾದಲ್ಲಿ ಮಾತು ನಡುವಿನಿಂದ ಸರಿಯಾಗೇ ಬರುತ್ತದೆ.

ನಾಲ್ಕನೇ ಫೇಡರ್

ಆ ಫೈಲು ಸಿನಿಮಾ ಕ್ರಮದಲ್ಲಿ ಇದೆ. ವಿಂಡೋಸ್ ಓದುವುದು ಎಡ, ಬಲ, ನಡು, ಎಲ್‌ಎಫ್‌ಇ, ಹಿಂದಿನ ಎಡ, ಹಿಂದಿನ ಬಲ. ಸಿನಿಮಾದವರು ಬರೆಯುವುದು ಎಡ, ನಡು, ಬಲ, ಆಮೇಲೆ ಹಿಂದಿನವು, ಕೊನೆಗೆ ಎಲ್‌ಎಫ್‌ಇ. ಎರಡನೇ ಜಾಗದಲ್ಲಿ ನಡುವಿನ ದನಿ ಇರುವುದರಿಂದ ಬಲಗಡೆ ಕೇಳುತ್ತಿದೆ. ತಂತಿ ಮುಟ್ಟಬೇಡಿ! ತಂತಿ ಬದಲಿಸಿದರೆ ಸಿನಿಮಾ ಕೆಡುತ್ತದೆ. ಆ ಫೈಲಿನ ಕ್ರಮವನ್ನೇ ಬದಲಿಸಿ ಮತ್ತೆ ಸೇವ್ ಮಾಡಿ. ಒಂದು ಫೈಲು ಹಾಗಿದ್ದರೆ ಆ ಆಲ್ಬಮ್ ಪೂರ್ತಿ ಹಾಗೇ ಇರುತ್ತದೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಹಿಂದಿನ ಸ್ಪೀಕರ್ ಎಲ್ಲಿಟ್ಟಿದ್ದೀರಿ? 5.1ಕ್ಕೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಹೇಳುವ ಪ್ರಕಾರ ನೇರ ಎದುರಿನಿಂದ ಅಳೆದರೆ ಮುಂದಿನವು 30 ಡಿಗ್ರಿ, ಹಿಂದಿನವು ಸುಮಾರು 110. ಅಂದರೆ ಪೂರ್ತಿ ಬೆನ್ನ ಹಿಂದೆ ಅಲ್ಲ, ಕಿವಿಗಿಂತ ಸ್ವಲ್ಪ ಹಿಂದೆ.

ಕುವೆಂಪುನಗರದ ಕೇಳುಗ

ಹಿಂದಿನ ಗೋಡೆಯ ಮೂಲೆಯಲ್ಲಿ ಇಟ್ಟಿದ್ದೆ. ಇವತ್ತು ಮುಂದೆ ತಂದೆ. ಆರು ಫೈಲುಗಳ ಕ್ರಮ ಬದಲಿಸಿದೆ, ದನಿ ನಡುವಿಗೆ ಬಂತು.

ಹೊನ್ನಾವರದ ಅಣ್ಣ, ಆ ಯಕ್ಷಗಾನದ ನಾಲ್ಕು ಚಾನೆಲ್ ಫೈಲ್ ಒಂದು ಹತ್ತು ನಿಮಿಷದ್ದು ಕಳಿಸಲು ಆಗುತ್ತದಾ? ಮೇಳದವರು ಒಪ್ಪಿದರೆ ಮಾತ್ರ. ಅಪ್ಪನಿಗೆ ಕೇಳಿಸಬೇಕು.

ಹೊನ್ನಾವರದ ಚಂಡೆ

ಭಾಗವತರನ್ನು ಕೇಳಿದೆ, ಸಂತೋಷದಿಂದ ಒಪ್ಪಿದರು. ಭಾನುವಾರ ಕಳಿಸುತ್ತೇನೆ. 48 ಕಿಲೋಹರ್ಟ್ಸ್, 24 ಬಿಟ್. ಕ್ರಮ: ಮುಂದೆ ಎಡ, ಮುಂದೆ ಬಲ, ಹಿಂದೆ ಎಡ, ಹಿಂದೆ ಬಲ. ನಡು ಮತ್ತು ಎಲ್‌ಎಫ್‌ಇ ಇಲ್ಲ. ವಾಲ್ಯೂಮ್ ಕಡಿಮೆ ಇಟ್ಟು ಶುರು ಮಾಡಿ, ಎರಡನೇ ನಿಮಿಷಕ್ಕೆ ಚಂಡೆ ಬೀಳುತ್ತದೆ.